ಏಳೂವರೆ ಮಾರ್ಕಿನ ಜಡ್ಜ್ ಮತ್ತು ಶುಕ್ರವಾರದ ಕುಸ್ತಿ

ಕುವೈತಿನಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾದ ನವೀಕರಣಕ್ಕೆ ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕಾಗಿತ್ತು. ನಮ್ಮ ಮನೆಯಲ್ಲಿ ಫೋಟೊಗಳಿಗೆಂದೇ ಒಂದು ಡ್ರಾಯರ್ ಇದೆ. ಅದರಲ್ಲಿ ಫೋಟೊ ಒಂದನ್ನು ಬಿಟ್ಟು ಬೇರೆಲ್ಲವೂ ಸಿಗುತ್ತದೆ. ಮೊನ್ನೆ ಸಿಕ್ಕಿದ್ದು ಗೆರೆ ಹಾಕಿದ ಒಂದು ನೋಟ್‌ಬುಕ್. ತೆರೆದರೆ ಪುಟ ತುಂಬ ಮಾರ್ಕುಗಳು. ಎಡಗಡೆ ಹಸಿರು ಶಾಯಿಯಲ್ಲಿ ನನ್ನ ಮಗಳು ಧನ್ಯಾಳ ಅಕ್ಷರ, ಬಲಗಡೆ ನನ್ನದು. ಅವಳ ಸಾಲಿನಲ್ಲಿ ಮೂರೂ ಇದೆ, ಒಂಬತ್ತೂ ಇದೆ, ಒಂದು ಕಡೆ ಸೊನ್ನೆಯೂ ಇದೆ. ಆ ಪುಟದಲ್ಲಿ ನನ್ನ ಸಾಲು ಮಾತ್ರ ಮೇಲಿಂದ ಕೆಳಗೆ ಒಂದೇ ಸಮ: ಏಳೂವರೆ, ಏಳೂವರೆ, ಏಳೂವರೆ, ಏಳು, ಏಳೂವರೆ. ನಡುವೆ ಆ ಏಳು ಯಾಕೆ ಬಂತೋ, ಅವತ್ತು ಊಟಕ್ಕೆ ತಡವಾಗಿತ್ತೋ ಏನೋ. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, ಓ ಕುಸ್ತಿ ಪುಸ್ತಕ ಎಂದು ನಕ್ಕು ಹೋದಳು. ನಾನು ಫೋಟೊ ಹುಡುಕುವುದನ್ನು ಬಿಟ್ಟು ನೆಲದ ಮೇಲೇ ಕೂತು ಪುಟ ತಿರುವಿದೆ.

ನನ್ನ ಬಗ್ಗೆ ಸ್ವಲ್ಪ ಹೇಳಿಕೊಳ್ಳಬೇಕು, ಇಲ್ಲದಿದ್ದರೆ ಈ ಏಳೂವರೆಯ ಮಹಿಮೆ ನಿಮಗೆ ತಿಳಿಯುವುದಿಲ್ಲ. ಕುವೈತಿನಲ್ಲಿ ನಾವು ನಾಲ್ಕು ಜನ ಕನ್ನಡದವರು ಸೇರಿದರೆ ಒಂದು ಸಂಘ, ಸಂಘವಾದರೆ ಒಂದು ಸ್ಪರ್ಧೆ. ರಂಗೋಲಿ, ಭಾವಗೀತೆ, ಛದ್ಮವೇಷ, ಒಲೆ ಹಚ್ಚದೆ ಮಾಡುವ ಅಡುಗೆ, ಹೀಗೆ ವರ್ಷವಿಡೀ ಏನಾದರೊಂದು ನಡೆಯುತ್ತಲೇ ಇರುತ್ತದೆ. ಸ್ಪರ್ಧಿಗಳಿಗೆ ಕೊರತೆಯಿಲ್ಲ, ಬಹುಮಾನಕ್ಕೂ ಇಲ್ಲ. ಕೊರತೆ ಇರುವುದು ತೀರ್ಪುಗಾರರಿಗೆ. ಯಾಕೆಂದರೆ ಇವತ್ತು ತೀರ್ಪು ಕೊಟ್ಟವನು ನಾಳೆ ಅದೇ ಜನರ ಜೊತೆ ಲಿಫ್ಟಿನಲ್ಲಿ ಇಳಿಯಬೇಕು. ಮೈದಾನ್ ಹವಲ್ಲಿಯ ನಮ್ಮ ಒಂದು ಕಟ್ಟಡದಲ್ಲೇ ಸಂಘದ ಹನ್ನೊಂದು ಮನೆಗಳಿವೆ. ಹನ್ನೊಂದು ಮನೆಯ ಹನ್ನೊಂದು ತಾಯಂದಿರಿಗೂ ತಮ್ಮ ಮಗುವೇ ಮೊದಲು ಬರಬೇಕಿತ್ತು ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ.

ಇಂಥಲ್ಲಿ ನಾನೊಂದು ದಾರಿ ಕಂಡುಹಿಡಿದೆ. ಹಾಡಲಿ, ಕುಣಿಯಲಿ, ವೇದಿಕೆಯ ಮೇಲೆ ನಿಂತು ಅಳಲಿ, ಎಲ್ಲರಿಗೂ ಹತ್ತಕ್ಕೆ ಏಳೂವರೆ. ಎಂಟು ಕೊಟ್ಟರೆ ಯಾಕೆ ಎಂದು ಉಳಿದವರು ಕೇಳುತ್ತಾರೆ, ಏಳು ಕೊಟ್ಟರೆ ಅವರೇ ಕೇಳುತ್ತಾರೆ. ಏಳೂವರೆಯನ್ನು ಯಾರೂ ಏನೂ ಕೇಳುವುದಿಲ್ಲ. ಒಮ್ಮೆ ನನ್ನಿಂದಾಗಿ ನಾಲ್ಕು ಜನರಿಗೆ ಮೊದಲ ಬಹುಮಾನ ಬಂದು, ಸಂಘದವರು ಓಡಿಹೋಗಿ ಇನ್ನೂ ಮೂರು ಕುಕ್ಕರ್ ತಂದರು. ಅದಕ್ಕೆ ಯಾರೂ ಬೇಸರಪಡಲಿಲ್ಲ. ಸಂಘದ ಕಾರ್ಯದರ್ಶಿ ಲ್ಯಾನ್ಸಿ ಮಂಗಳೂರಿನ ಕೊಂಕಣಿ ಮನುಷ್ಯ, ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ. ಜಗಳ ಎಂದರೆ ಮೈಲು ದೂರ ಓಡುವವರು. ನನ್ನಂಥ ಜಡ್ಜ್ ಇಡೀ ಗಲ್ಫಿನಲ್ಲೇ ಸಿಗುವುದಿಲ್ಲ ಎಂದು ಸಿಕ್ಕಿದಲ್ಲೆಲ್ಲ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಮ್ಮಲ್ಲಿ ಮಾರ್ಕಿನ ಹಾಳೆಯನ್ನು ಪೆನ್ಸಿಲಿನಲ್ಲೇ ತುಂಬುವುದು. ಕೊನೆಗೆ ಸಮಿತಿಯವರು ಕೂತು, ಇವರ ಮಗುವಿಗೆ ಮೂರು ವರ್ಷದಿಂದ ಏನೂ ಬಂದಿಲ್ಲ, ಅವರ ಯಜಮಾನರು ಹಾಲ್ ಕೊಡಿಸಿದವರು ಎಂದು ಮಾತಾಡಿಕೊಂಡು ಅಲ್ಲಿ ಅರ್ಧ ಇಲ್ಲಿ ಅರ್ಧ ಸರಿಮಾಡುತ್ತಾರೆ. ಕೆಲವು ತೀರ್ಪುಗಾರರು ಸ್ಪರ್ಧೆ ಶುರುವಾಗುವ ಮೊದಲೇ ಪೂರ್ತಿ ಹಾಳೆ ತುಂಬಿ, ಆಮೇಲೆ ಸಮೋಸಾ ತಿನ್ನುತ್ತ ನೆಮ್ಮದಿಯಾಗಿ ಕಾರ್ಯಕ್ರಮ ನೋಡುವುದೂ ಉಂಟು. ಆ ಕೆಲವರು ಯಾರು ಎಂದು ನೀವು ಕೇಳಬಾರದು.

ಕಳೆದ ವರ್ಷ ಮಕ್ಕಳ ಏಕಪಾತ್ರಾಭಿನಯದ ಸ್ಪರ್ಧೆ ಇಟ್ಟರು. ಒಬ್ಬರೇ ವೇದಿಕೆಯ ಮೇಲೆ ನಿಂತು ಐದು ನಿಮಿಷ ಕನ್ನಡದಲ್ಲಿ ಅಭಿನಯಿಸಬೇಕು. ಧನ್ಯಾಳಿಗೆ ಆಗ ಹದಿಮೂರು. ನಾನು ತುಳುವ, ಹೆಂಡತಿ ಶಿರಸಿ ಕಡೆಯವಳು, ಹಾಗಾಗಿ ಮನೆಯಲ್ಲಿ ಕನ್ನಡ. ಆದರೆ ಧನ್ಯಾ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಜಾತಿ. ಅಂಥವಳು ತಾನಾಗಿ ಹೆಸರು ಕೊಟ್ಟು ಬಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಏನು ಮಾಡುತ್ತೀ ಎಂದರೆ ಹೇಳಲಿಲ್ಲ. ಮೂರು ವಾರ ಕೋಣೆಯ ಬಾಗಿಲು ಹಾಕಿಕೊಂಡು ಗುನುಗುನು ಮಾಡಿದಳು.

ಸ್ಪರ್ಧೆಯ ದಿನ ಧೂಳು ಎದ್ದು, ಅಹ್ಮದಿಯಿಂದ ಬರಬೇಕಾಗಿದ್ದ ಮೂರನೆಯ ತೀರ್ಪುಗಾರರು ದಾರಿಯಲ್ಲೇ ಸಿಕ್ಕಿಬಿದ್ದರು. ಲ್ಯಾನ್ಸಿ ಬಂದು ನನ್ನ ಕೈ ಹಿಡಿದರು. ನನ್ನ ಮಗಳೇ ಇದ್ದಾಳೆ, ಸರಿಯಾಗುವುದಿಲ್ಲ ಎಂದೆ. ನಿಮ್ಮ ಏಳೂವರೆ ಇದ್ದದ್ದೇ ಅಲ್ವಾ, ಅದರಲ್ಲಿ ಎಂಥ ಪಕ್ಷಪಾತ ಎಂದರು. ಮಾತು ಸರಿ ಅನಿಸಿ ಕುರ್ಚಿಯಲ್ಲಿ ಕೂತುಬಿಟ್ಟೆ.

ಧನ್ಯಾ ನನ್ನ ನೀಲಿ ಶರ್ಟು ಹಾಕಿಕೊಂಡು, ನನ್ನ ಹಳೆಯ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಕೈಯಲ್ಲೊಂದು ಫೋನು ಹಿಡಿದು ಬಂದಳು. ಅವಳ ಅಭಿನಯದ ಹೆಸರು 'ಫೋನಿನಲ್ಲಿ ಅಪ್ಪ'. ಡ್ರೈವರ್ ಫೋನು ಮಾಡಿದರೆ ಅಪ್ಪ ಹಿಂದಿಯಲ್ಲಿ ಭಾಯಿ ಭಾಯಿ ಎಂದು ಗದರುತ್ತಾನೆ. ಸಂಘದಿಂದ ಫೋನು ಬಂದರೆ, ಅದಕ್ಕೇನು, ಎಲ್ಲರಿಗೂ ಏಳೂವರೆ ಕೊಟ್ಟರಾಯಿತು ಎನ್ನುತ್ತಾನೆ. ಊರಿನಿಂದ ಅಜ್ಜಿಯ ಫೋನು ಬಂದರೆ ತುಳುವಿನಲ್ಲಿ, ಇಲ್ಲಿ ಎಲ್ಲ ಆರಾಮು, ಆಫೀಸಿನಲ್ಲಿ ನನ್ನನ್ನು ಕೇಳದೆ ಒಂದು ಕಾಗದವೂ ಅಲ್ಲಾಡುವುದಿಲ್ಲ ಎಂದು ಎದೆ ಉಬ್ಬಿಸುತ್ತಾನೆ. ಆಮೇಲೆ ಆಫೀಸಿನ ದೊಡ್ಡವರ ಫೋನು. ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ಅಪ್ಪ ತಟ್ಟನೆ ಎದ್ದು ನಿಲ್ಲುತ್ತಾನೆ. ಶರ್ಟು ಸರಿಮಾಡಿಕೊಳ್ಳುತ್ತಾನೆ. ಫೋನಿಗೆ ತಲೆ ಬಾಗಿಸಿ ಹಾದಿರ್, ಹಾದಿರ್ ಎನ್ನುತ್ತಾನೆ, ಅಂದರೆ ಆಗಲಿ ಸ್ವಾಮಿ ಎಂದು. ಫೋನು ಇಟ್ಟ ಮೇಲೆಯೇ ಕೂರುತ್ತಾನೆ. ಹಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಸಾಲಿನಲ್ಲಿದ್ದ ಗಂಡಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದು ನಕ್ಕರು, ಅವರೂ ಎದ್ದು ನಿಲ್ಲುವವರೇ. ಪಕ್ಕದ ಇಬ್ಬರು ತೀರ್ಪುಗಾರರು ಒಂಬತ್ತು ಒಂಬತ್ತು ಬರೆದರು. ನಾನು ಪೆನ್ಸಿಲ್ ಹಿಡಿದು ಐದು ಬರೆದೆ.

ಮೊದಲ ಬಹುಮಾನ ಮರದ ವೇಷ ಹಾಕಿ ಬಂದ ಒಂದು ಪುಟ್ಟ ಮಗುವಿಗೆ ಹೋಯಿತು. ಅದು ನನ್ನನ್ನು ಕಡಿಯಬೇಡಿ ಎಂದು ಎರಡು ಸಲ ಹೇಳಿ, ಮುಂದಿನದು ಮರೆತು, ಮರವೇ ಆದ್ದರಿಂದ ಸುಮ್ಮನೆ ನಿಂತುಕೊಂಡಿತು. ಅದಕ್ಕೆ ಎಂಟು, ಎಂಟು, ನನ್ನ ಏಳೂವರೆ. ಧನ್ಯಾ ಸೋತದ್ದು ಅರ್ಧ ಮಾರ್ಕಿನಲ್ಲಿ. ಆ ವರ್ಷ ಲ್ಯಾನ್ಸಿಗೆ ಪಾರದರ್ಶಕತೆಯ ಹುಚ್ಚು ಹಿಡಿದು, ಮೂರೂ ಹಾಳೆಗಳನ್ನು ಹೊರಗಿನ ಬೋರ್ಡಿಗೆ ಚುಚ್ಚಿದ್ದರು. ಧನ್ಯಾ ಅದರ ಮುಂದೆ ತುಂಬ ಹೊತ್ತು ನಿಂತಿದ್ದಳು. ಮನೆಗೆ ಬಂದು, ಇನ್ನು ಯಾವತ್ತೂ ಸ್ಟೇಜ್ ಹತ್ತುವುದಿಲ್ಲ ಎಂದು ತಾಯಿಗೆ ಹೇಳಿದಳು. ನನಗೆ ಏನೂ ಹೇಳಲಿಲ್ಲ.

ಅಂದಿನಿಂದ ನನ್ನ ಪಾಲಿಗೆ ಉಳಿದದ್ದು ಮೂರು ಶಬ್ದ: ಫೈನ್, ಓಕೆ, ನತಿಂಗ್. ಊರೆಲ್ಲ ಮಾತ್ರ ನನ್ನನ್ನು ಹೊಗಳಿತು. ಸ್ವಂತ ಮಗಳಿಗೇ ಐದು ಕೊಟ್ಟನಲ್ಲ, ಎಂಥ ನಿಷ್ಪಕ್ಷಪಾತ ಎಂದರು. ಹೌದು ಮತ್ತೆ, ತಂದೆಯಾದವನು ಜಾಸ್ತಿ ಕೊಟ್ಟರೆ ಜನ ಏನೆಂದಾರು ಎಂದು ನಾನೂ ಗಂಭೀರವಾಗಿ ತಲೆಯಾಡಿಸಿದೆ. ಹೆಂಡತಿ ಮಾತ್ರ ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿದಳು, "ಊರ ಮಕ್ಕಳಿಗೆಲ್ಲ ಏಳೂವರೆ, ನಮ್ಮ ಕೂಸಿಗೆ ಐದು ಅಂದ್ರೆ ಅದೂ ಪಕ್ಷಪಾತನೇ ಅಲ್ದಾ?" ನಾನು ಒಗ್ಗರಣೆಯ ಘಾಟಿಗೆ ಕೆಮ್ಮಿದಂತೆ ಮಾಡಿ ಎದ್ದುಹೋದೆ.

ಇನ್ನು ಕುಸ್ತಿಯ ವಿಷಯ. ನೀವು ಅಖಾಡದ ಮಣ್ಣಿನ ಕುಸ್ತಿ ಎಂದುಕೊಳ್ಳಬೇಡಿ. ಇದು ಧನ್ಯಾಳಿಗೆ ಹುಚ್ಚು ಹಿಡಿಸಿದ ಟಿವಿಯ ಕುಸ್ತಿ. ಅಮೆರಿಕದ ಜಟ್ಟಿಗಳು ಚಡ್ಡಿ ಹಾಕಿ, ಬಾಣಬಿರುಸಿನ ನಡುವೆ ಇಳಿದು ಬಂದು, ಹಗ್ಗ ಕಟ್ಟಿದ ಚೌಕದೊಳಗೆ ಬಡಿದಾಡುತ್ತಾರಲ್ಲ, ಅದು. ತಿಂಗಳಿಗೊಮ್ಮೆ ಒಂದು ದೊಡ್ಡ ಪ್ರದರ್ಶನ ಇರುತ್ತದೆ. ಅದನ್ನು ನೋಡಲು ಬೇರೆಯೇ ದುಡ್ಡು ಕಟ್ಟಬೇಕು. ಅಲ್ಲಿ ಅದು ನಡೆಯುವ ಹೊತ್ತಿಗೆ ಇಲ್ಲಿ ಶಾಲೆಯ ದಿನ ಬೆಳಗಾಗುತ್ತಿರುತ್ತದೆ, ಹಾಗಾಗಿ ಧನ್ಯಾ ಶುಕ್ರವಾರದ ರಜೆಯವರೆಗೆ ಕಾಯಬೇಕು. ಅಷ್ಟು ದಿನ ಯಾರೂ ಅವಳಿಗೆ ಫಲಿತಾಂಶ ಹೇಳುವಂತಿಲ್ಲ. ಸ್ಕೂಲ್ ಬಸ್ಸಿನಲ್ಲಿ ಎರಡೂ ಕಿವಿಗೆ ಬೆರಳು ಹಾಕಿ ಕೂರುತ್ತಾಳೆ ಎಂದು ಕೆಳಗಿನ ಮನೆಯವರು ಬಂದು, ಮಗುವಿಗೆ ಕಿವಿನೋವಾ ಎಂದು ವಿಚಾರಿಸಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಮೆಲ್ಲಗೆ ಹೋಗಿ ಅವಳ ಸೋಫಾದ ಇನ್ನೊಂದು ತುದಿಯಲ್ಲಿ ಕೂತೆ. ಅವಳು ಒಂದು ಗೇಣು ಸರಿದು ಕೂತಳೇ ಹೊರತು ಎದ್ದುಹೋಗಲಿಲ್ಲ. ಅದನ್ನೇ ನಾನು ದೊಡ್ಡ ಜಯ ಎಂದು ಲೆಕ್ಕ ಹಾಕಿದೆ. ಪ್ರತಿ ಕುಸ್ತಿ ಮುಗಿದ ಮೇಲೆ ಅವಳು ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಇಷ್ಟು ಎಂದು ಬರೆಯುತ್ತಿದ್ದಳು. ಸುಮ್ಮನಿರಬಹುದಿತ್ತು. ಇದೆಲ್ಲ ಮೊದಲೇ ಬರೆದಿಟ್ಟ ಆಟ, ಯಾರು ಗೆಲ್ಲುತ್ತಾರೆಂದು ಅವರಿಗೆ ಗೊತ್ತಿರುತ್ತದೆ, ಇದಕ್ಕೆಂಥ ಮಾರ್ಕು ಎಂದುಬಿಟ್ಟೆ. ಎರಡು ತಿಂಗಳಲ್ಲಿ ಮೊದಲ ಸಲ ಅವಳು ನನ್ನ ಮುಖ ನೋಡಿದಳು.

"ನಿಮ್ಮ ಸಂಘದ್ದು?" ಎಂದು ಕನ್ನಡದಲ್ಲೇ ಕೇಳಿದಳು.

ನಾನು ಟಿವಿಯ ಕಡೆ ತಿರುಗಿದೆ. ಆದರೆ ಮುಂದಿನ ಪ್ರದರ್ಶನಕ್ಕೆ ನೋಟ್‌ಬುಕ್ಕಿನಲ್ಲಿ ನನಗೂ ಒಂದು ಸಾಲು ಎಳೆದಿಟ್ಟಿದ್ದಳು. ನನ್ನ ತಲೆಯಲ್ಲಿ ಆಗಲೇ ಲೆಕ್ಕ ಶುರುವಾಗಿತ್ತು. ಈ ವರ್ಷದ ಸ್ಪರ್ಧೆಗೆ ಇನ್ನೂ ಸಮಯವಿದೆ. ಅಷ್ಟರೊಳಗೆ ನಾನೊಬ್ಬ ಯೋಗ್ಯ ತೀರ್ಪುಗಾರ ಎಂದು ಅವಳಿಗೆ ತೋರಿಸಿಕೊಟ್ಟರೆ, ಮಾತು ಬಿಟ್ಟದ್ದೂ ಸರಿಹೋದೀತು, ಅವಳು ಮತ್ತೆ ಸ್ಟೇಜ್ ಹತ್ತಿಯಾಳು. ಹದಿಮೂರು ವರ್ಷದ ಹುಡುಗಿಯೊಬ್ಬಳು ಐದು ನಿಮಿಷದಲ್ಲಿ ಇಡೀ ಹಾಲನ್ನು ಕುಣಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆನಲ್ಲ. ಅದು ನನ್ನಿಂದ ನಿಂತುಹೋದರೆ ನನಗೆ ನಿದ್ದೆ ಹತ್ತುವಂತಿರಲಿಲ್ಲ.

ಯೋಗ್ಯತೆ ಎಲ್ಲಿಂದ ಬರಬೇಕು? ಜಟ್ಟಿಗಳ ಹೆಸರೇ ನಾಲಿಗೆಗೆ ಹೊರಳುತ್ತಿರಲಿಲ್ಲ. ನಾನೇ ಹೆಸರಿಟ್ಟೆ. ಸದಾ ಮುಖ ಕಿವುಚಿಕೊಂಡಿರುವವನು ಹಲ್ಲುನೋವು. ಹತ್ತು ನಿಮಿಷ ನಡೆದು ಬಂದು ಎರಡು ನಿಮಿಷ ಹೊಡೆದಾಡುವ, ಹೊಳೆಯುವ ನಿಲುವಂಗಿಯ ನರೆತ ಗಡ್ಡದವನು ಮದುಮಗ. ಮೇಜು ಕುರ್ಚಿ ಮುರಿಯದೆ ಊಟ ಸೇರದವನು ಬಡಗಿ. ಹೆಸರು ಕೇಳಿ ಅವಳ ತುಟಿಯ ತುದಿ ಒಂದಿಷ್ಟು ಅಲುಗಿದ್ದನ್ನು ನಾನು ನೋಡಿದೆ. ಮೊದಲ ಪ್ರದರ್ಶನದ ಐದು ಕುಸ್ತಿಗಳಿಗೂ ನನ್ನ ಮಾರ್ಕು ನಿಮಗೆ ಗೊತ್ತೇ ಇದೆ. ಅವಳು ಹಾಳೆ ನೋಡಿ, ನೀನು ಜಡ್ಜ್ ಮಾಡುತ್ತಿಲ್ಲ, ಆಶೀರ್ವಾದ ಮಾಡುತ್ತಿದ್ದೀ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಪಾಠ ಶುರು ಮಾಡಿದಳು. ಗೆದ್ದವನನ್ನು ನೋಡಬೇಡ, ಸೋತವನನ್ನು ನೋಡು. ಹೊಡೆತ ಯಾರು ಬೇಕಾದರೂ ಕೊಡಬಹುದು, ಬೀಳಲು ಬರಬೇಕು. ಬಿದ್ದವನು ಸರಿಯಾಗಿ ಬಿದ್ದರೆ ಮಾತ್ರ ಹೊಡೆದವನು ಬಲಶಾಲಿ ಎಂದು ಜನ ನಂಬುತ್ತಾರೆ. ಇಷ್ಟು ವರ್ಷ ಬಹುಮಾನ ಹಂಚಿದ ನನಗೆ ಇದು ಹೊಸ ವಿದ್ಯೆ.

ಬೇಗ ಪಾಸಾಗಬೇಕೆಂಬ ಆಸೆಯಿಂದ ಮರು ತಿಂಗಳು ಒಂದು ಎಡವಟ್ಟು ಮಾಡಿದೆ. ನನ್ನ ಪಕ್ಕದ ಮೇಜಿನ ಈಜಿಪ್ಟಿನವನಿಗೂ ಈ ಕುಸ್ತಿಯ ಹುಚ್ಚು. ಅವನಿಂದ ಯಾವುದು ಚೆನ್ನಾಗಿತ್ತು, ಯಾವುದು ಸಪ್ಪೆ ಎಂದು ಮೊದಲೇ ಕೇಳಿಕೊಂಡು, ಗುರುವಾರ ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ನನ್ನ ಸಾಲನ್ನು ಪೆನ್ಸಿಲಿನಲ್ಲಿ ತುಂಬಿಟ್ಟೆ. ಧೈರ್ಯಸ್ಥನಂತೆ ಕಾಣಲೆಂದು ಒಂದಕ್ಕೆ ಮೂರು, ಒಂದಕ್ಕೆ ಒಂಬತ್ತು. ಶುಕ್ರವಾರ ಟಿವಿ ಹಾಕುವ ಮೊದಲು ಅವಳು ನೋಟ್‌ಬುಕ್ ತೆರೆದವಳು ಹಾಗೇ ನಿಂತಳು. ನೋಡುವ ಮೊದಲೇ ಮಾರ್ಕಾ ಎಂದು ಕೇಳಿದಳು. ಏನು ಹೇಳಲಿ? ನಮ್ಮ ಸಂಘದಲ್ಲಿ ಹಾಗೇ ಪದ್ಧತಿ ಎಂಬ ಸತ್ಯವೇ ಬಾಯಿಗೆ ಬಂತು. ಅವಳು ರಬ್ಬರ್ ತಂದು ಒಂದೊಂದೇ ಅಂಕಿ ಉಜ್ಜಿ, ಊದಿ, ಪೆನ್ಸಿಲ್ ಕಿತ್ತುಕೊಂಡು ಪೆನ್ನು ಕೊಟ್ಟಳು. ನನಗೆ ಬೆವರು ಬಂತು.

ಅದೇ ದಿನ ಇನ್ನೊಂದು ನಡೆಯಿತು. ಬಡಗಿ ಚೌಕದ ಅಡಿಯಿಂದ ಕಬ್ಬಿಣದ ಕುರ್ಚಿ ಎಳೆಯುವುದಕ್ಕೂ, ನಡುವೆ ನಿಂತ ರೆಫ್ರಿಗೆ ಯಾರದೋ ಭುಜ ತಾಗುವುದಕ್ಕೂ ಸರಿಹೋಯಿತು. ಅಷ್ಟಕ್ಕೇ ರೆಫ್ರಿ ಧೊಪ್ಪನೆ ಬಿದ್ದು ಕಣ್ಣು ಮುಚ್ಚಿದ. ಬಡಗಿ ಎದುರಾಳಿಗೆ ಕುರ್ಚಿಯಲ್ಲಿ ಮನಸಾರೆ ಬಾರಿಸಿ, ಕುರ್ಚಿಯನ್ನು ಅಡಗಿಸಿಟ್ಟ ಮೇಲೆ ರೆಫ್ರಿಗೆ ಎಚ್ಚರವಾಯಿತು. ತೆವಳಿಕೊಂಡು ಬಂದು ಒಂದು ಎರಡು ಮೂರು ಎಣಿಸಿ ಬಡಗಿಯ ಕೈ ಎತ್ತಿದ. ನನಗೆ ಪಿತ್ತ ನೆತ್ತಿಗೇರಿತು. ಇವನೆಂಥ ರೆಫ್ರಿ, ಬೇಕೆಂದೇ ಬಿದ್ದಿದ್ದಾನೆ ಕಳ್ಳ, ಅಷ್ಟು ಸಣ್ಣ ನೂಕಿಗೆ ನಾನೂ ಬೀಳುವುದಿಲ್ಲ ಎಂದು ಕೂಗಾಡಿದೆ. ಧನ್ಯಾ ಟಿವಿಯಿಂದ ಕಣ್ಣು ತೆಗೆಯದೆ, ಅಪ್ಪ, ದಟ್ ಇಸ್ ಯು, ಎಂದಳು. ಅಡುಗೆಮನೆಯಲ್ಲಿ ಹೆಂಡತಿ ನಕ್ಕ ಸದ್ದು ಕೇಳಿಸಿತು. ಆ ಕುಸ್ತಿಗೆ ನಾನು ಮೊದಲ ಸಲ ಎರಡು ಮಾರ್ಕು ಕೊಟ್ಟೆ, ಸಿಟ್ಟಿನಿಂದಲೇ ಆದರೂ.

ಹೀಗೆ ಏಳೆಂಟು ಪ್ರದರ್ಶನ ಕಳೆದವು. ಸ್ಪರ್ಧೆಗೆ ಹೆಸರು ಕೊಡುವ ಕೊನೆಯ ದಿನ ಹತ್ತಿರ ಬಂತು. ಧನ್ಯಾ ಆ ಸುದ್ದಿಯನ್ನೇ ಎತ್ತಲಿಲ್ಲ, ನಾನೂ ಹೆದರಿ ಎತ್ತಲಿಲ್ಲ. ಆ ವಾರದ ಪ್ರದರ್ಶನದ ಕೊನೆಯ ಕುಸ್ತಿ ನಮ್ಮ ಮದುಮಗನಿಗೂ ಹೊಸದಾಗಿ ಬಂದ ಒಬ್ಬ ಎಳೆಯನಿಗೂ. ಮದುಮಗನಿಗೆ ವಯಸ್ಸಾಗಿತ್ತು, ಮೊಣಕಾಲಿಗೆ ಪಟ್ಟಿ ಸುತ್ತಿದ್ದ. ಅವತ್ತು ಆ ಪುಣ್ಯಾತ್ಮ ಬಿದ್ದ ಬೀಳುವಿಕೆಯನ್ನು ನೀವು ನೋಡಬೇಕಿತ್ತು. ಎಳೆಯನ ಒಂದೊಂದು ಏಟಿಗೂ ಇಡೀ ಮೈ ಕೊಟ್ಟು ಬಿದ್ದ, ಏಳಲು ಹೋಗಿ ಬಿದ್ದ, ಹಗ್ಗ ಹಿಡಿದು ಎದ್ದು ಮತ್ತೆ ಬಿದ್ದ. ಹತ್ತು ನಿಮಿಷದ ಹಿಂದೆ ಯಾರಿಗೂ ಗೊತ್ತಿಲ್ಲದಿದ್ದ ಹುಡುಗನನ್ನು ಜನ ಎದ್ದು ನಿಂತು ಕೂಗಿ ಕರೆಯುವಂತೆ ಮಾಡಿಬಿಟ್ಟ. ಯಾರನ್ನೂ ಕೇಳದೆ, ಪೆನ್ನಿನಲ್ಲಿ, ಒಂಬತ್ತು ಬರೆದೆ. ಧನ್ಯಾ ಬಗ್ಗಿ ನೋಡಿ ತನ್ನ ಸಾಲು ತೋರಿಸಿದಳು. ಅಲ್ಲೂ ಒಂಬತ್ತು ಇತ್ತು.

ಟಿವಿ ಆರಿಸಿದ ಮೇಲೂ ಅವಳು ಏಳಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತಿದ್ದು, ಅವತ್ತು ನನಗೆ ಯಾಕೆ ಐದು ಎಂದು ಕೇಳಿದಳು. ನಾನು ರೂಢಿಯ ಮಾತನ್ನೇ ಶುರು ಮಾಡಿದೆ, ಸ್ವಂತ ಮಗಳು, ಜನ ಏನೆಂದಾರು. ಅವಳು ಅರ್ಧಕ್ಕೇ ತಡೆದು, "ರೆಫ್ರಿ ಬಿದ್ದ" ಎಂದಳು.

ನಾನು ನೋಟ್‌ಬುಕ್ ಮುಚ್ಚಿಟ್ಟು, ಕೊನೆಗೂ ಹೇಳಿದೆ. ಇಷ್ಟು ತಿಂಗಳು ನನಗೇ ನಾನು ಹೇಳಿಕೊಳ್ಳದ ಮಾತು ಅದು.

"ಆಫೀಸಿನ ಫೋನ್ ಬಂದ್ರೆ ಎದ್ದು ನಿಲ್ತೇನೆ ಅಂತ ನಂಗೆ ಗೊತ್ತಿರ್ಲಿಲ್ಲ, ಧನ್ಯಾ. ಅಷ್ಟು ಜನರ ಎದುರು ಗೊತ್ತಾಯ್ತು. ನೀನು ಮಾಡಿದ್ದು ಸರಿ ಇತ್ತು, ಅದಕ್ಕೇ ಸಿಟ್ಟು ಬಂತು, ಅದಕ್ಕೇ ಐದು. ನಿಷ್ಪಕ್ಷಪಾತ ಎಲ್ಲ ಆಮೇಲೆ ಜನ ಕೊಟ್ಟ ಹೆಸರು."

ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಹಾಗಾದರೆ ನಿಜವಾಗಿ ಎಷ್ಟು ಎಂದು ಕೇಳಿದಳು. ಒಂಬತ್ತೂವರೆ ಎಂದೆ, ಮನಸ್ಸಿನಿಂದಲೇ ಹೇಳಿದೆ.

"ಸುಳ್ಳು. ಎಂಟು," ಎಂದಳು. ಆಮೇಲೆ ಒಂದೊಂದೇ ಕನ್ನಡದ ಶಬ್ದ ಹುಡುಕಿ ಜೋಡಿಸಿದಳು. "ಅಜ್ಜಿ ಫೋನಿಂದು ನಂಗೆ ಸರಿ ಬರ್ಲಿಲ್ಲ. ನೀನು ಎಲ್ಲ ಆರಾಮು ಹೇಳಿ ಫೋನ್ ಇಡ್ತಿ ಅಲ್ವಾ, ಆಮೇಲೆ ಸ್ವಲ್ಪ ಹೊತ್ತು ಹಾಗೇ ಕೂತಿರ್ತಿ. ಅದು ಮಾಡ್ಲಿಕ್ಕೆ ನೋಡಿದೆ. ಬರ್ಲಿಲ್ಲ. ಬಿಟ್ಟೆ."

ಹಾಗೆ ಕೂರುತ್ತೇನೆಂಬುದೂ ನನಗೆ ಗೊತ್ತಿರಲಿಲ್ಲ ನೋಡಿ. ಎದ್ದು ನಿಲ್ಲುವುದನ್ನು ಇಡೀ ಸಂಘವೇ ನೋಡಿ ನಕ್ಕಿತು, ಇದನ್ನು ನೋಡಿದವಳು ಅವಳೊಬ್ಬಳೇ. ನೋಡಿಯೂ, ಬರಲಿಲ್ಲವೆಂದು ತನ್ನ ಮಾರ್ಕನ್ನು ತಾನೇ ಕಡಿಮೆ ಮಾಡಿಕೊಂಡಿದ್ದಳು. ಎಂಟು ಸರಿ ಎಂದು ಒಪ್ಪಿಕೊಂಡೆ.

ಆ ನೋಟ್‌ಬುಕ್ ಡ್ರಾಯರಿಗೆ ಹೇಗೆ ಬಂತೋ ಗೊತ್ತಿಲ್ಲ, ಈಗ ಹೊಸದು ನಡೆಯುತ್ತಿದೆ. ಅದರಲ್ಲಿ ನನ್ನ ಸಾಲೂ ಏರಿಳಿಯುತ್ತದೆ. ಮೊನ್ನೆ ಗುರುವಾರ ಲ್ಯಾನ್ಸಿ ಫೋನು ಮಾಡಿ, ಈ ಸಲವೂ ನೀವೇ ಜಡ್ಜ್ ಎಂದರು. ಆಗುವುದಿಲ್ಲ, ನಾನು ಪ್ರೇಕ್ಷಕರ ಸಾಲಿನಲ್ಲಿ ಕೂರುತ್ತೇನೆ, ಮಗಳ ಹೆಸರಿದೆ ಎಂದೆ. ಎಲ್ಲರಿಗೂ ಏಳೂವರೆ ಕೊಡುವವರು ಇನ್ನೊಬ್ಬರು ಎಲ್ಲಿ ಸಿಗುತ್ತಾರೆ ಎಂದು ಅವರು ಗೋಳಾಡಿದರು. ಸಿಗುತ್ತಾರೆ ಬಿಡಿ, ನಮ್ಮಲ್ಲಿ ಅವರಿಗೇನೂ ಬರವಿಲ್ಲ.

ಇದನ್ನು ಬರೆಯುವ ಈ ಹೊತ್ತಿಗೆ ಧನ್ಯಾ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆಯಾಯಿತು. ಮೊದಲು ತುಳುವಿನಲ್ಲಿ, ಇಲ್ಲಿ ಎಲ್ಲ ಆರಾಮು ಎಂದು ನನ್ನದೇ ದನಿಯಲ್ಲಿ ಹೇಳಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಹೆಂಡತಿ ಬಂದು ಬಾಗಿಲಿಗೆ ಕಿವಿಯಿಟ್ಟು, ಮಲಗಿದಳಾ ಹೇಗೆ, ಸದ್ದೇ ಇಲ್ಲವಲ್ಲ ಎಂದು ಕೈ ಎತ್ತಿ ತಟ್ಟಲು ಹೋದಳು. ನಾನು ಆ ಕೈ ಹಿಡಿದೆ.

"ತಟ್ಟಬೇಡ," ಎಂದೆ. "ಪ್ರಾಕ್ಟೀಸ್ ಮಾಡ್ತಾ ಇದ್ದಾಳೆ."